ಎದುರಾಳಿಗೆ ಅರ್ಥ ಹೇಳುವ ಹಕ್ಕು

ಮಲೆನಾಡಿನಲ್ಲಿ ಮಳೆ ಹಿಡಿದರೆ ಮೊದಲು ಹೋಗುವುದು ಕರೆಂಟು; ಅದರ ಬೆನ್ನಿಗೇ ಫೋನಿನ ಸಿಗ್ನಲ್ಲು. ಕೊಪ್ಪ ತಾಲೂಕಿನ ನಾರ್ವೆಗೆ ನಾವು ಹೋದ ದಿನವೂ ಹಾಗೇ ಆಗಿತ್ತು. ಮಳೆ ಕೊಂಚ ಹೊಳವಾದಾಗ ನಾಲ್ಕೈದು ಹುಡುಗರು ಸಿಗ್ನಲ್ ಸಿಗುವ ದಿಬ್ಬವೊಂದರ ಮೇಲೆ ಕೊಡೆ ಹಿಡಿದು, ಫೋನುಗಳ ಮೇಲೆ ಬಾಗಿ ಕೂತಿದ್ದರು. ತೋಟದ ಕೆಲಸದವರ ಮಗ, ಅಂಗಡಿಯವರ ಮಗ, ಬ್ಯಾರಿಗಳ ಮನೆಯ ಹುಡುಗ, ಗೌಡರ ಮನೆಯ ಹುಡುಗ ಎಲ್ಲರೂ ಒಂದೇ ತಂಡ. ಆಡುತ್ತಿದ್ದುದು ಬಿಜಿಎಂಐ, ಊರಿನ ಬಾಯಲ್ಲಿ ಅದು ಇಂದಿಗೂ ಪಬ್ಜಿಯೇ. ‘ಯಾರನ್ನ ಹೊಡೀತಿದೀರೋ?’ ಎಂದು ಕೇಳಿದೆವು. ಒಬ್ಬ ತಲೆ ಎತ್ತದೆ ಹೇಳಿದ: ‘ಯಾರೋ ಗೊತ್ತಿಲ್ಲ ಸಾರ್. ಎನಿಮಿ.’

ಆ ಉತ್ತರ ನಮ್ಮ ಜೊತೆಗೇ ಊರಿಗೆ ಬಂತು. ಅವನು ಯಾರೆಂದು ತಿಳಿಯದು, ಶತ್ರು ಎಂಬುದು ಮಾತ್ರ ತಿಳಿದಿದೆ. ಹಾಗಾದರೆ ಅವನನ್ನು ಶತ್ರು ಎಂದು ಮೊದಲು ಬರೆದವರು ಯಾರು? ಬರೆದುದನ್ನು ಅಳಿಸಿ ಬೇರೆ ಬರೆಯುವ ಅವಕಾಶ ಆಡುವವರಿಗೆ ಎಂದಾದರೂ ಇತ್ತೇ? ಇತ್ತು ಎನ್ನುತ್ತದೆ ಈ ಆಟಗಳ ಮೂವತ್ತು ವರ್ಷಗಳ ಚರಿತ್ರೆ. ಅಷ್ಟೇ ಅಲ್ಲ, ನಾರ್ವೆಯ ಹುಡುಗರು ಆಡುತ್ತಿದ್ದ ಆಟವೂ ಅಂಥದೊಂದು ತಿದ್ದುಪಡಿಯ ಮೊಮ್ಮಗು. ಆ ಚರಿತ್ರೆಯನ್ನು, ಅದರಲ್ಲಿ ನಮ್ಮ ಪಾಲು ಎಷ್ಟು ಎಂಬುದನ್ನು ಇಲ್ಲಿ ಸ್ವಲ್ಪ ನೋಡೋಣ.

ಹಿಮ್ಮೇಳ ಒಂದು, ಪ್ರಸಂಗ ಹಲವು

ಆಡುವವನ ಕಣ್ಣಿನಿಂದಲೇ ಲೋಕ ಕಾಣುವ, ಪರದೆಯ ಕೆಳಗೆ ಕೋವಿಯ ನಳಿಗೆ ಮಾತ್ರ ತೋರುವ ಆಟಗಳಿಗೆ ಇಂಗ್ಲಿಷಿನಲ್ಲಿ ‘ಫಸ್ಟ್ ಪರ್ಸನ್ ಶೂಟರ್’ ಎನ್ನುತ್ತಾರೆ. ಇವುಗಳಿಗೆ ಒಂದು ಮಾದರಿ ಹಾಕಿಕೊಟ್ಟದ್ದು 1993ರ ಡಿಸೆಂಬರ್ 10ರಂದು ಅಮೆರಿಕದ ಇಡ್ ಸಾಫ್ಟ್‌ವೇರ್ ಎಂಬ ಸಣ್ಣ ಕಂಪೆನಿ ಹೊರತಂದ ‘ಡೂಮ್’. ಮಂಗಳ ಗ್ರಹದ ಉಪಗ್ರಹದಲ್ಲಿ ಒಬ್ಬ ಸೈನಿಕ ನರಕದಿಂದ ಬಂದ ಪಿಶಾಚಿಗಳನ್ನು ಕೊಲ್ಲುವುದೇ ಅದರ ಕಥೆ. ಕಥೆಯಲ್ಲಿ ಹೆಚ್ಚೇನೂ ಇರಲಿಲ್ಲ. ಆದರೆ ಆ ಆಟವನ್ನು ಕಟ್ಟಿದ ಬಗೆ ಹೊಸದಾಗಿತ್ತು.

ಪ್ರೋಗ್ರಾಮರ್ ಜಾನ್ ಕಾರ್ಮ್ಯಾಕ್ ಆಟವನ್ನು ಎರಡು ಭಾಗ ಮಾಡಿದ್ದರು. ಆಟವನ್ನು ನಡೆಸುವ ಯಂತ್ರಭಾಗ ಒಂದು ಕಡೆ. ಚಿತ್ರ, ಸದ್ದು, ಕೋಣೆಗಳ ನಕ್ಷೆ, ಶತ್ರುಗಳು ನಿಲ್ಲುವ ಜಾಗ ಇವೆಲ್ಲ ‘ವಾಡ್’ ಎಂಬ ಇನ್ನೊಂದು ಕಡತದಲ್ಲಿ. ತಾಳಮದ್ದಳೆ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಭಾಗವತರು, ಚಂಡೆ, ಮದ್ದಳೆಯ ಹಿಮ್ಮೇಳ ಅದೇ ಇರುತ್ತದೆ; ಪ್ರಸಂಗ ಬದಲಾದರೆ ಆ ರಾತ್ರಿಯ ಲೋಕವೇ ಬದಲಾಗುತ್ತದೆ. ಹಿಂದಿನ ವರ್ಷ ಬಂದಿದ್ದ ಇದೇ ಕಂಪೆನಿಯ ‘ವುಲ್ಫೆನ್‌ಸ್ಟೈನ್’ ಆಟವನ್ನು ಅಭಿಮಾನಿಗಳು ಕದ್ದುಮುಚ್ಚಿ ಬಿಚ್ಚಿ ತಮ್ಮ ಚಿತ್ರಗಳನ್ನು ಸೇರಿಸಿದ್ದರು. ಕಾರ್ಮ್ಯಾಕ್ ಅದನ್ನು ಕಳ್ಳತನವೆಂದು ಬಗೆಯದೆ ಡೂಮ್‌ನಲ್ಲಿ ಅದಕ್ಕೆಂದೇ ಬಾಗಿಲು ಇಟ್ಟರು. ದುಡ್ಡು ಕೊಟ್ಟು ಕೊಂಡ ಪ್ರತಿಯ ಮೇಲೆ ಮಾತ್ರ ತಿದ್ದುಪಡಿಗಳು ನಡೆಯಬೇಕು ಎಂಬುದೊಂದೇ ಕಂಪೆನಿಯ ಕೋರಿಕೆ. 1994ರೊಳಗೆ ಅಭಿಮಾನಿಗಳೇ ನಕ್ಷೆ ಬರೆಯುವ ಉಪಕರಣವನ್ನು ತಯಾರಿಸಿ ಹಂಚಿದರು. 1997ರ ಡಿಸೆಂಬರಿನಲ್ಲಿ ಯಂತ್ರಭಾಗದ ಮೂಲ ಬರಹವನ್ನೂ ಕಂಪೆನಿ ಲೋಕಕ್ಕೆ ಬಿಟ್ಟುಕೊಟ್ಟಿತು.

ಇಂಥ ತಿದ್ದುಪಡಿಗಳಿಗೆ ಆಡುವವರ ಬಾಯಲ್ಲಿ ‘ಮಾಡ್’ ಎಂಬ ಹೆಸರು ನಿಂತಿತು. ಇಂಗ್ಲಿಷಿನ ದೊಡ್ಡ ಪದವೊಂದರ ತುಂಡು ಅದು. ಕನ್ನಡದ ಕಿವಿಗೆ ಮಾತ್ರ ಅದು ನಮ್ಮ ‘ಮಾಡು’ ಎಂಬ ಕ್ರಿಯಾಪದದಂತೆಯೇ ಕೇಳುತ್ತದೆ. ಬರಿದೆ ಆಡುವವನು ಒಂದು ದಿನ ಮಾಡುವವನೂ ಆಗುತ್ತಾನೆ ಎಂಬ ಅರ್ಥಕ್ಕೆ ಅದು ಒಪ್ಪುತ್ತದೆ ಕೂಡ.

1996ರಲ್ಲಿ ‘ಕ್ವೇಕ್’ ಬಂದಾಗ ಆಸ್ಟ್ರೇಲಿಯಾದ ಮೂವರು ಯುವಕರು ಅದನ್ನು ತಿದ್ದಿ ‘ಟೀಮ್ ಫೋರ್ಟ್ರೆಸ್’ ಮಾಡಿದರು. 1998ರ ನವೆಂಬರಿನಲ್ಲಿ ವಾಲ್ವ್ ಕಂಪೆನಿಯ ‘ಹಾಫ್ ಲೈಫ್’ ಬಂತು. ವಿಯೆಟ್ನಾಂ ಮೂಲದ, ಕೆನಡಾದಲ್ಲಿ ಬೆಳೆದ ಕಂಪ್ಯೂಟರ್ ವಿದ್ಯಾರ್ಥಿ ಮಿನ್ ಲೆ ತನ್ನ ಗೆಳೆಯ ಜೆಸ್ ಕ್ಲಿಫ್ ಜೊತೆ ಸೇರಿ ಅದನ್ನು ತಿದ್ದಿ, 1999ರ ಜೂನ್‌ನಲ್ಲಿ ಒಂದು ಮಾಡ್ ಅನ್ನು ಉಚಿತವಾಗಿ ಹಂಚಿದ. ಅದರ ಹೆಸರು ‘ಕೌಂಟರ್ ಸ್ಟ್ರೈಕ್’. ಅಭಿಮಾನಿಗಳು ಅದಕ್ಕೆ ನಕ್ಷೆಗಳನ್ನು ಬರೆದು ಕಳಿಸಿದರು. ಲೋಕದಲ್ಲೇ ಹೆಚ್ಚು ಆಡಲಾದ ನಕ್ಷೆಗಳಲ್ಲಿ ಒಂದಾದ ‘ಡಸ್ಟ್’ ಅನ್ನು ಬರೆದದ್ದು ಡೇವ್ ಜಾನ್‌ಸ್ಟನ್ ಎಂಬ, ಆಗಿನ್ನೂ ಹದಿಹರೆಯದ ಇಂಗ್ಲೆಂಡಿನ ಹುಡುಗ. 2000ದಲ್ಲಿ ವಾಲ್ವ್ ಆ ಮಾಡ್ ಅನ್ನು ಕೊಂಡು, ಅದೇ ವರ್ಷದ ನವೆಂಬರಿನಲ್ಲಿ ಅಂಗಡಿಗೆ ತಂದಿತು. ಹೀಗೆ ವಿದ್ಯಾರ್ಥಿಯೊಬ್ಬನ ಬಿಡುವಿನ ಕೆಲಸ ಲೋಕದ ಸರಕಾಯಿತು.

ಸೈಬರ್ ಕೆಫೆಯ ಕಾಲ

ಈ ಸರಕು ನಮ್ಮ ಕಡೆಗೆ ಹೇಗೆ ಬಂತು? ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು. ಆನಂತರದ ಹತ್ತು ವರ್ಷಗಳಲ್ಲಿ ಬೆಂಗಳೂರು, ಮಂಗಳೂರು, ಶಿವಮೊಗ್ಗಗಳಂಥ ನಗರಗಳಲ್ಲಿ ಮೊದಲು, ತಾಲೂಕು ಕೇಂದ್ರಗಳಲ್ಲಿ ತಡವಾಗಿ, ಸೈಬರ್ ಕೆಫೆಗಳು ಹುಟ್ಟಿಕೊಂಡವು. ಟೆಲಿಫೋನ್ ತಂತಿಯ ಮೇಲೆ ಬರುತ್ತಿದ್ದ ಅಂದಿನ ಇಂಟರ್‌ನೆಟ್ಟಿನಲ್ಲಿ ದೊಡ್ಡ ಆಟವೊಂದನ್ನು ಇಳಿಸಿಕೊಳ್ಳುವುದು ಆಗದ ಮಾತು. ಆಟಗಳು ಬಂದದ್ದು ಸಿಡಿಗಳಲ್ಲಿ. ಕಂಪ್ಯೂಟರ್ ಪತ್ರಿಕೆಗಳ ಜೊತೆ ಬರುತ್ತಿದ್ದ ಸಿಡಿಗಳು ಕೆಲವು. ಮೂಲ ಪ್ರತಿ ಕೊಳ್ಳುವ ಶಕ್ತಿ ಯಾರಿಗೂ ಇಲ್ಲದ ಕಾರಣ, ಬೆಂಗಳೂರಿಗೆ ಓದಲು ಹೋದ ಅಣ್ಣಂದಿರು ರಜೆಗೆ ಬರುವಾಗ ತರುತ್ತಿದ್ದ ನಕಲು ಸಿಡಿಗಳು ಬಹಳ. ಒಂದು ಸಿಡಿ ಒಂದು ಊರಿನ ಎಲ್ಲ ಕಂಪ್ಯೂಟರುಗಳನ್ನೂ ಸುತ್ತಿ ಗೀರು ಬಿದ್ದು ಸಾಯುತ್ತಿತ್ತು.

ಕೌಂಟರ್ ಸ್ಟ್ರೈಕ್ ನಮ್ಮಲ್ಲಿ ಬೇರೂರಲು ಮುಖ್ಯ ಕಾರಣವೆಂದರೆ ಅದಕ್ಕೆ ಇಂಟರ್‌ನೆಟ್ ಬೇಕಿರಲಿಲ್ಲ. ಕೆಫೆಯ ಕಂಪ್ಯೂಟರುಗಳನ್ನು ಒಂದಕ್ಕೊಂದು ತಂತಿಯಿಂದ ಸೇರಿಸಿದ್ದರೆ ಸಾಕು, ಕೋಣೆಯೊಳಗೇ ಯುದ್ಧ. ಹಳೆಯ ಕಂಪ್ಯೂಟರಿನಲ್ಲೂ ಅದು ಓಡುತ್ತಿತ್ತು. ಜೊತೆಗಾರರು ಸಿಗದ ಊರುಗಳಲ್ಲಿ ಮನೆಯ ಕಂಪ್ಯೂಟರಿನ ಮುಂದೆ ಒಂಟಿಯಾಗಿ ಕೂತವರಿಗೂ ಅಭಿಮಾನಿಗಳೇ ದಾರಿ ಮಾಡಿದ್ದರು. ಕಂಪ್ಯೂಟರೇ ಎದುರಾಳಿಗಳನ್ನು ನಡೆಸುವ ‘ಪಾಡ್‌ಬಾಟ್’ ಎಂಬ ತಿದ್ದುಪಡಿ ಅದು. ಅಂದರೆ ನಮ್ಮ ಹುಡುಗರು ಆಡಿದ್ದು ಒಂದು ಮಾಡ್‌ನ ಮೇಲೆ ಹೇರಿದ ಇನ್ನೊಂದು ಮಾಡ್ ಅನ್ನು. ಹೀಗೆ ಆಡುತ್ತಿದ್ದೇವೆಂಬುದು ಅವರಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ.

ಕೆಫೆಯ ಕೋಣೆಗಳನ್ನು ನೆನಪಿಸಿಕೊಂಡರೆ ಒಂದು ಸಂಗತಿ ಎದ್ದು ಕಾಣುತ್ತದೆ. ಪರದೆಯ ಮೇಲೆ ಗುಂಡು ಹೊಡೆಸಿಕೊಂಡವನು ಪಕ್ಕದ ಕುರ್ಚಿಯಲ್ಲೇ ಇರುತ್ತಿದ್ದ. ಸತ್ತವನು ಎದ್ದು ನಿಂತು ಬೈಯುತ್ತಿದ್ದ. ಮೂಲೆಯಲ್ಲಿ ಅಡಗಿ ಕೂತು ಹೊಡೆಯುವವನಿಗೆ ಅಲ್ಲಿ ಮರ್ಯಾದೆ ಇರಲಿಲ್ಲ. ಮಲೆನಾಡಿನ ಶಿಕಾರಿಯ ಮಾತಿನಲ್ಲಿ ಅದು ಮರಸು ಕೂರುವುದು. ಕಾಡುಹಂದಿಗೆ ಮರಸು ಕೂತರೆ ಸರಿ, ಗೆಳೆಯನಿಗೆ ಕೂತರೆ ಜಗಳ. ಒಂದು ಸುತ್ತಿನಲ್ಲಿ ಶತ್ರುವಾದವನು ಮುಂದಿನ ಸುತ್ತಿನಲ್ಲಿ ನಮ್ಮ ತಂಡಕ್ಕೇ ಬರುತ್ತಿದ್ದ. ಆಟದೊಳಗೆ ಎದುರಾಳಿಗೆ ಮಾತಿರಲಿಲ್ಲ, ಕೋಣೆಯೊಳಗೆ ಇತ್ತು. ಈ ಕೋಣೆಗಳಲ್ಲಿ ಹೆಣ್ಣುಮಕ್ಕಳು ಮಾತ್ರ ಕಾಣುತ್ತಿರಲಿಲ್ಲ ಎಂಬುದನ್ನೂ ಮರೆಯದೆ ಹೇಳಬೇಕು.

ಬರೆದಿಟ್ಟ ಶತ್ರು

ಕೌಂಟರ್ ಸ್ಟ್ರೈಕ್ ಶುರುವಾಗುವಾಗ ಪರದೆ ಒಂದು ಪ್ರಶ್ನೆ ಕೇಳುತ್ತದೆ: ನೀನು ಭಯೋತ್ಪಾದಕನೋ, ಭಯೋತ್ಪಾದಕ ನಿಗ್ರಹ ಪಡೆಯವನೋ? ಭಯೋತ್ಪಾದಕರ ಕಡೆ ಹಲವು ಗುಂಪುಗಳಿದ್ದವು. ಅವುಗಳಲ್ಲಿ ಒಂದನ್ನು ಮಧ್ಯಪ್ರಾಚ್ಯದ ಮೂಲಭೂತವಾದಿಗಳ ಗುಂಪು ಎಂದೇ ಆಟ ಪರಿಚಯಿಸುತ್ತಿತ್ತು. ನಿಗ್ರಹ ಪಡೆಗಳಿಗೆ ಮಾತ್ರ ಅಮೆರಿಕ, ಬ್ರಿಟನ್, ಜರ್ಮನಿ, ಫ್ರಾನ್ಸ್ ದೇಶಗಳ ನಿಜವಾದ ಪಡೆಗಳ ಹೆಸರು. ಡಸ್ಟ್ ನಕ್ಷೆಯಲ್ಲಿ ಇದ್ದುದು ಮರಳು ಬಣ್ಣದ ಗೋಡೆ, ಕಮಾನು ಬಾಗಿಲು, ಬಿಸಿಲು ಬೀದಿ. ಅಲ್ಲಿ ಅಂಗಡಿಯವನಿಲ್ಲ, ನೀರು ತರುವ ಹೆಂಗಸಿಲ್ಲ, ಶಾಲೆಗೆ ಹೋಗುವ ಮಗುವಿಲ್ಲ. ಜನರನ್ನೆಲ್ಲ ಗುಡಿಸಿ ಹಾಕಿ, ಹೊಡೆಯುವುದಕ್ಕೆಂದೇ ಉಳಿಸಿಕೊಂಡ ಊರು ಅದು.

ಇದನ್ನು ಬರೆದವರಲ್ಲಿ ದ್ವೇಷ ಇತ್ತೆಂದು ನಾವು ಹೇಳುತ್ತಿಲ್ಲ. 1991ರ ಕೊಲ್ಲಿ ಯುದ್ಧವನ್ನು ಟಿವಿಯಲ್ಲಿ ನೋಡುತ್ತ, ಹಾಲಿವುಡ್ ಸಿನಿಮಾ ನೋಡುತ್ತ ಬೆಳೆದ ಹುಡುಗರಿಗೆ ‘ಭಯೋತ್ಪಾದಕನ ಊರು’ ಎಂದರೆ ಕಣ್ಣಿಗೆ ಬಂದದ್ದು ಆ ಚಿತ್ರ. ಯಜಮಾನಿಕೆಯ ಕೆಲಸ ನಡೆಯುವುದೇ ಹೀಗೆ. ಯಾರೂ ಬೇಕೆಂದು ಮಾಡದೆಯೇ ಅದು ಆಗಿಬಿಡುತ್ತದೆ. 2001ರ ಸೆಪ್ಟೆಂಬರ್ 11ರ ನಂತರ ಅಂಥ ಆಟಗಳ ಪ್ರವಾಹವೇ ಬಂತು. 2009ರ ‘ಮಾಡರ್ನ್ ವಾರ್‌ಫೇರ್ 2’ರಲ್ಲಿ ಕರಾಚಿ ಎಂಬ ನಕ್ಷೆ ಇದೆ. ಅದರ ಬೀದಿಯ ಫಲಕಗಳು ಅರಬಿ ಭಾಷೆಯಲ್ಲಿವೆ! ಕರಾಚಿಯ ಫಲಕ ಉರ್ದುವಿನಲ್ಲಿರುತ್ತದೆ ಎಂಬಷ್ಟು ವಿಚಾರಿಸುವ ಅಗತ್ಯ ಅಷ್ಟು ದೊಡ್ಡ ಬಂಡವಾಳದ ಆಟಕ್ಕೂ ಬರಲಿಲ್ಲ. ಮದರಸದಲ್ಲಿ ಅರಬಿ ಅಕ್ಷರ, ಮನೆಯಲ್ಲಿ ಉರ್ದು ಅಥವಾ ಬ್ಯಾರಿ, ಶಾಲೆಯಲ್ಲಿ ಕನ್ನಡ ಕಲಿತ ನಮ್ಮ ಹುಡುಗನೊಬ್ಬನಿಗೆ ಈ ತಪ್ಪು ಒಂದು ನೋಟಕ್ಕೆ ತಿಳಿಯುತ್ತದೆ. ತಿಳಿದು ಏನು ಮಾಡುವುದು? ಅವನು ಕೋವಿ ಎತ್ತಿ ಮುಂದಕ್ಕೆ ಹೋಗುತ್ತಾನೆ.

ತಿದ್ದುವ ವಿದ್ಯೆಯನ್ನು ಮೊದಲು ಕಲಿತವರಲ್ಲಿ ಸೈನ್ಯವೂ ಇತ್ತು. 1996ರಲ್ಲಿ ಅಮೆರಿಕದ ಮರೀನ್ ಪಡೆ ಡೂಮ್‌ನ ಎರಡನೆಯ ಭಾಗವನ್ನು ತಿದ್ದಿ, ಪಿಶಾಚಿಗಳ ಜಾಗದಲ್ಲಿ ಶತ್ರು ಸೈನಿಕರನ್ನು ಇಟ್ಟು, ತನ್ನವರ ತರಬೇತಿಗೆ ‘ಮರೀನ್ ಡೂಮ್’ ಮಾಡಿಕೊಂಡಿತು. 2002ರ ಜುಲೈ 4ರಂದು ಅಮೆರಿಕದ ಭೂಸೇನೆ ‘ಅಮೆರಿಕಾಸ್ ಆರ್ಮಿ’ ಎಂಬ ಆಟವನ್ನು ಉಚಿತವಾಗಿ ಹಂಚಿತು. ಯುವಕರನ್ನು ಸೈನ್ಯಕ್ಕೆ ಸೆಳೆಯುವುದೇ ಅದರ ಉದ್ದೇಶ. ಸುಮಾರು ಇಪ್ಪತ್ತು ವರ್ಷ ನಡೆದು 2022ರಲ್ಲಿ ಅದು ನಿಂತಿತು. ಆ ಆಟದಲ್ಲಿ ಒಂದು ಚಮತ್ಕಾರವಿತ್ತು. ಎರಡು ತಂಡಗಳು ಎದುರುಬದುರಾಗಿ ಆಡಿದರೂ ಪ್ರತಿ ತಂಡಕ್ಕೂ ತಾನೇ ಅಮೆರಿಕದ ಸೈನ್ಯವೆಂದೂ ಎದುರಿನವರು ಶತ್ರುವೆಂದೂ ಕಾಣುತ್ತಿತ್ತು. ಶತ್ರುವಾಗಿ ನಿಂತು ಲೋಕವನ್ನು ನೋಡುವ ಅವಕಾಶವನ್ನು ಪರದೆಯೇ ಅಳಿಸಿಬಿಟ್ಟಿತ್ತು.

ತಿದ್ದಿದವರು

ಇದಕ್ಕೆ ಉತ್ತರ ಬರಲಿಲ್ಲವೆಂದಲ್ಲ. 2002ರಲ್ಲಿ ಆನ್ ಮೇರಿ ಶ್ಲೈನರ್ ಮತ್ತು ಇಬ್ಬರು ಕಲಾವಿದರು ‘ವೆಲ್ವೆಟ್ ಸ್ಟ್ರೈಕ್’ ಮಾಡಿದರು. ಕೌಂಟರ್ ಸ್ಟ್ರೈಕ್‌ನಲ್ಲಿ ಆಟಗಾರರು ಗೋಡೆಯ ಮೇಲೆ ಚಿತ್ರ ಅಂಟಿಸಬಹುದಿತ್ತು. ಆ ಸೌಲಭ್ಯವನ್ನೇ ಬಳಸಿ ಯುದ್ಧದ ನಡುವೆ ಯುದ್ಧವಿರೋಧಿ ಚಿತ್ರಗಳನ್ನು ಅಂಟಿಸುವ ಕೆಲಸ ಅದು. ಆಸ್ಟ್ರೇಲಿಯಾದ ವೂಮೆರಾ ಎಂಬ ಮರುಭೂಮಿಯ ಊರಿನಲ್ಲಿ ಆಶ್ರಯ ಕೇಳಿ ಬಂದವರನ್ನು ಕೂಡಿಹಾಕುವ ಶಿಬಿರವಿತ್ತು. ಅಫ್ಘಾನಿಸ್ತಾನ, ಇರಾಕ್, ಇರಾನಿನಿಂದ ಓಡಿಬಂದವರು ಅಲ್ಲಿ ಬಹಳ. 2003ರಲ್ಲಿ ಆ ದೇಶದ ಕೆಲವರು ಹಾಫ್ ಲೈಫ್ ಅನ್ನು ತಿದ್ದಿ ‘ಎಸ್ಕೇಪ್ ಫ್ರಮ್ ವೂಮೆರಾ’ ಕಟ್ಟಲು ಹೊರಟರು. ಇಲ್ಲಿ ಆಡುವವನ ಕೈಯಲ್ಲಿ ಕೋವಿ ಇಲ್ಲ. ಅವನೇ ಆಶ್ರಯ ಕೇಳಿದವನು. ಜನರೊಡನೆ ಮಾತಾಡಿ ದಾರಿ ಹುಡುಕಬೇಕು. ಸರ್ಕಾರದ ಕಲಾ ಮಂಡಳಿ 25,000 ಡಾಲರ್ ನೆರವು ಕೊಟ್ಟಿತೆಂದು ಅಲ್ಲಿನ ವಲಸೆ ಸಚಿವ ಫಿಲಿಪ್ ರಡಾಕ್ ಸಿಡಿದೆದ್ದರು. ಜನ ಅನುಭವಿಸುತ್ತಿದ್ದ ಶಿಬಿರಕ್ಕಿಂತ ಅದರ ಬಗೆಗಿನ ಆಟ ಅವರಿಗೆ ಹೆಚ್ಚು ಅಪಾಯಕಾರಿಯಾಗಿ ಕಂಡಿತ್ತು.

ಅರಬ್ ಲೋಕದಿಂದಲೂ ಉತ್ತರ ಬಂತು. 2001ರಲ್ಲಿ ಡಮಾಸ್ಕಸ್ಸಿನ ದಾರುಲ್ ಫಿಕ್ರ್ ಪ್ರಕಾಶನ ಪ್ಯಾಲೆಸ್ತೀನಿನ ಯುವಕನೊಬ್ಬನನ್ನು ನಾಯಕನನ್ನಾಗಿಸಿ ‘ಅಂಡರ್ ಆಶ್’ ಆಟವನ್ನು ತಂದಿತು. ನಾಗರಿಕರನ್ನು ಕೊಂದರೆ ಅಲ್ಲಿಗೆ ಆಟ ಮುಗಿಯುತ್ತದೆ ಎಂಬುದು ಅದರ ನಿಯಮ. 2003ರಲ್ಲಿ ಲೆಬನಾನಿನ ಹಿಜ್ಬುಲ್ಲಾ ‘ಸ್ಪೆಷಲ್ ಫೋರ್ಸ್’ ತಂದಿತು. ಅದೇ ವರ್ಷ ಅಮೆರಿಕದಲ್ಲಿ ಸದ್ದಾಂ ಹುಸೇನನನ್ನು ಬೇಟೆಯಾಡುವ ‘ಕ್ವೆಸ್ಟ್ ಫಾರ್ ಸದ್ದಾಂ’ ಬಂದಿತ್ತು. 2006ರಲ್ಲಿ ಅಲ್ ಖೈದಾ ಪರವಾದ ಪ್ರಚಾರ ಗುಂಪೊಂದು ಅದೇ ಆಟವನ್ನು ತೆಗೆದುಕೊಂಡು ಇರಾಕಿಗಳ ಜಾಗದಲ್ಲಿ ಅಮೆರಿಕದ ಸೈನಿಕರನ್ನೂ ಸದ್ದಾಮನ ಜಾಗದಲ್ಲಿ ಬುಷ್‌ನನ್ನೂ ಇಟ್ಟು ಹಂಚಿತು.

ಇಲ್ಲಿ ನಾವು ಸ್ವಲ್ಪ ನಿಂತು ಯೋಚಿಸಬೇಕು. ನಮ್ಮನ್ನು ಶತ್ರು ಎಂದು ಬರೆದವನ ಆಟದಲ್ಲಿ ಅವನ ಮುಖವನ್ನು ಅಂಟಿಸಿದರೆ ಲೆಕ್ಕ ತೀರಿತು ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಅಲ್ಲಿ ಬದಲಾದದ್ದು ವೇಷ ಮಾತ್ರ. ಕೋವಿ ಹಿಡಿದವನಿಗೆ ಮಾತ್ರ ಕಣ್ಣು, ಎದುರಿಗಿರುವವನಿಗೆ ಸಾವು ಎಂಬ ಪ್ರಸಂಗ ಹಾಗೇ ಉಳಿಯಿತು. ದ್ವೇಷದ ನಕಲು ಪ್ರತಿಯನ್ನು ಪ್ರತಿರೋಧ ಎಂದು ಕರೆಯಲಾಗದು.

ಇರಾಕಿನಲ್ಲಿ ಹುಟ್ಟಿ ಅಮೆರಿಕಕ್ಕೆ ವಲಸೆ ಹೋದ ಕಲಾವಿದ ವಫಾ ಬಿಲಾಲ್ ಅದೇ ಆಟವನ್ನು ಮತ್ತೊಮ್ಮೆ ತಿದ್ದಿದರು. 2004ರಲ್ಲಿ ಅವರ ತಮ್ಮ ಇರಾಕಿನಲ್ಲಿ ಅಮೆರಿಕದ ದಾಳಿಗೆ ಬಲಿಯಾಗಿದ್ದ. 2008ರ ‘ವರ್ಚುವಲ್ ಜಿಹಾದಿ’ ಎಂಬ ತಮ್ಮ ಕೃತಿಯಲ್ಲಿ ಬಿಲಾಲ್ ತಮ್ಮದೇ ಮುಖವನ್ನು, ತಮ್ಮನ ಸಾವಿನ ಕಥೆಯನ್ನು ಆಟದೊಳಗೆ ಇಟ್ಟರು. ಸಾಮಾನ್ಯ ಇರಾಕಿಯೊಬ್ಬ ಎರಡು ಹಿಂಸೆಗಳ ನಡುವೆ ಸಿಕ್ಕಿಕೊಂಡು ಹೇಗೆ ಆತ್ಮಾಹುತಿ ದಾಳಿಗೆ ಜಾರುತ್ತಾನೆ ಎಂದು ತೋರಿಸುವುದು ಅವರ ಇರಾದೆ. ನ್ಯೂಯಾರ್ಕ್ ರಾಜ್ಯದ ಟ್ರಾಯ್ ನಗರದಲ್ಲಿ ಆ ಪ್ರದರ್ಶನವನ್ನು ಆಹ್ವಾನಿಸಿದ ವಿದ್ಯಾಸಂಸ್ಥೆಯೇ ಮುಚ್ಚಿಸಿತು. ಬೇರೊಂದು ಕಟ್ಟಡಕ್ಕೆ ಒಯ್ದಾಗ ನಗರಾಡಳಿತ ಕಟ್ಟಡ ನಿಯಮದ ನೆಪ ಹೇಳಿ ಬಾಗಿಲು ಹಾಕಿತು. ಸದ್ದಾಂ ಬೇಟೆಯ ಮೂಲ ಆಟಕ್ಕೆ ಇಂಥ ತೊಂದರೆ ಬಂದಿರಲಿಲ್ಲ.

ನಕ್ಷೆ ಬರೆಯುವ ಭಯ

2006ರ ಮೇ ತಿಂಗಳಲ್ಲಿ ಇನ್ನೊಂದು ವಿಚಿತ್ರ ನಡೆಯಿತು. ಭಯೋತ್ಪಾದಕರು ‘ಬ್ಯಾಟಲ್‌ಫೀಲ್ಡ್ 2’ ಆಟವನ್ನು ತಿದ್ದಿ ಯುವಕರನ್ನು ಸೆಳೆಯುತ್ತಿದ್ದಾರೆ ಎಂದು ಅಮೆರಿಕದ ಸಂಸತ್ ಸಮಿತಿಯೊಂದರ ಮುಂದೆ ರಕ್ಷಣಾ ಇಲಾಖೆಯ ಪರವಾಗಿ ಒಂದು ವೀಡಿಯೋ ತೋರಿಸಲಾಯಿತು. ಅದು ಹಾಲೆಂಡಿನ, ಮೊರಾಕ್ಕೊ ಮೂಲದ ಅಭಿಮಾನಿಯೊಬ್ಬ ಮೋಜಿಗೆ ಮಾಡಿದ ವೀಡಿಯೋ ಎಂದು ಆಮೇಲೆ ತಿಳಿಯಿತು. ಅದರಲ್ಲಿದ್ದ ಮಾತುಗಳು ಅಮೆರಿಕದ್ದೇ ಒಂದು ಹಾಸ್ಯ ಸಿನಿಮಾದವು. ಆಟವನ್ನು ಆತ ತಿದ್ದಿಯೂ ಇರಲಿಲ್ಲ. ಕಂಪೆನಿಯೇ ಮಾರಿದ ಹೆಚ್ಚುವರಿ ಭಾಗದಲ್ಲಿ ದಂಗೆಕೋರರ ಕಡೆಯಿಂದ ಆಡುವ ಅವಕಾಶ ಇತ್ತು. ಮರುವರ್ಷ ಏಪ್ರಿಲ್‌ನಲ್ಲಿ ಟೆಕ್ಸಾಸಿನ ಪ್ರೌಢಶಾಲೆಯೊಂದರ, ಚೀನಾ ಮೂಲದ ವಿದ್ಯಾರ್ಥಿಯೊಬ್ಬ ತನ್ನ ಶಾಲೆಯ ಆಕಾರದಲ್ಲೇ ಕೌಂಟರ್ ಸ್ಟ್ರೈಕ್ ನಕ್ಷೆ ಬರೆದನೆಂದು ಅವನನ್ನು ಆ ಶಾಲೆಯಿಂದ ಬೇರೆಡೆಗೆ ಕಳಿಸಿದರು. ವರ್ಜೀನಿಯಾದ ವಿಶ್ವವಿದ್ಯಾಲಯವೊಂದರಲ್ಲಿ ಆಗಷ್ಟೇ ನಡೆದಿದ್ದ ಗುಂಡಿನ ದಾಳಿಯ ಭಯ ಅದರ ಹಿಂದಿತ್ತು. ಪೊಲೀಸರು ಹುಡುಗನ ಮೇಲೆ ಮೊಕದ್ದಮೆ ಹೂಡಲಿಲ್ಲ; ಶಿಕ್ಷೆ ಮಾತ್ರ ಆಗಿಹೋಗಿತ್ತು.

ಆ ಭಯಕ್ಕೆ ಕಾರಣವೇ ಇರಲಿಲ್ಲ ಎನ್ನಲಾಗದು. 1999ರ ಏಪ್ರಿಲ್‌ನಲ್ಲಿ ಅಮೆರಿಕದ ಕೊಲಂಬೈನ್ ಶಾಲೆಯಲ್ಲಿ ಕೊಲೆಗಳನ್ನು ನಡೆಸಿದ ಇಬ್ಬರಲ್ಲಿ ಒಬ್ಬ ಡೂಮ್‌ಗೆ ನಕ್ಷೆ ಬರೆಯುತ್ತಿದ್ದವನೇ. ಆದರೆ ನಕ್ಷೆ ಬರೆಯಲು ಕಲಿಯುವವರು ಸಾಮಾನ್ಯವಾಗಿ ಮೊದಲು ಬರೆಯುವುದು ತಮಗೆ ಗೊತ್ತಿರುವ ಜಾಗವನ್ನು. ಮನೆ, ಶಾಲೆ, ಬೀದಿ. ಪುಟ್ಟ ಮಗು ಸ್ಲೇಟಿನ ಮೇಲೆ ಮೊದಲು ಮನೆಯ ಚಿತ್ರ ಬರೆಯುವ ಹಾಗೆ.

ನಮ್ಮ ಕಡೆಯ ಹುಡುಗರಲ್ಲಿ ಆಡುವವರು ಅಷ್ಟಿದ್ದರೂ ಮಾಡುವವರು ಏಕೆ ಕಾಣಲಿಲ್ಲ ಎಂದು ಕೇಳಿಕೊಂಡಾಗ ಮೊದಲು ಸಿಗುವ ಉತ್ತರ ಬಡತನ. ಗಂಟೆಗೆ ಇಷ್ಟೆಂದು ದುಡ್ಡು ಕೊಟ್ಟು ಕೂತ ಕೆಫೆಯಲ್ಲಿ ನಕ್ಷೆ ಬರೆಯುತ್ತ ಕೂರಲಾಗದು. ಉಪಕರಣಗಳ ಭಾಷೆಯೂ ಇಂಗ್ಲಿಷು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ಇದ್ದ ಕನ್ನಡದ ಅಕ್ಷರ ವಿನ್ಯಾಸದ ಹೆಸರು ‘ತುಂಗಾ’. ಶೃಂಗೇರಿಯ ಹೊಳೆಯ ಹೆಸರು ಕಂಪ್ಯೂಟರಿನೊಳಗೆ ಹೋಗಿತ್ತು. ಹೊಳೆದಂಡೆಯ ಹುಡುಗರು ಮಾಡುವವರಾಗಿ ಒಳಗೆ ಹೋಗಲಿಲ್ಲ. ಇಷ್ಟಾದರೂ ಇದು ಪೂರ್ತಿ ಉತ್ತರವಲ್ಲ. ಏಕೆಂದರೆ 2006ರ ‘ಇಎ ಕ್ರಿಕೆಟ್ 07’ ಆಟವನ್ನು ಕಂಪೆನಿ ಮುಂದುವರಿಸದೆ ಕೈಬಿಟ್ಟಾಗ, ಭಾರತದ ಅಭಿಮಾನಿಗಳೇ ವರ್ಷ ವರ್ಷವೂ ಐಪಿಎಲ್ ತಂಡಗಳ ಅಂಗಿ, ಆಟಗಾರರ ಮುಖ ಸೇರಿಸಿ ಅದನ್ನು ಬದುಕಿಸಿಕೊಂಡರು. ಕ್ರಿಕೆಟ್ ತಿದ್ದಲು ಬಂದ ಕೈಗಳು ಕೋವಿಯ ಆಟವನ್ನು ತಿದ್ದಲು ಏಕೆ ಹಿಂಜರಿದವು?

ಪರಿಚಯದ ತಂದೆಯೊಬ್ಬರು ನಮಗೆ ಹೇಳಿದ ಮಾತು ಇಲ್ಲಿ ನೆನಪಾಗುತ್ತದೆ. ಕಾಲೇಜಿಗೆ ಹೋಗುತ್ತಿದ್ದ ಅವರ ಮಗ ತಮ್ಮ ಊರಿನ ಪೇಟೆ, ಮಸೀದಿ, ಬಸ್ ನಿಲ್ದಾಣವನ್ನು ಕೌಂಟರ್ ಸ್ಟ್ರೈಕ್‌ನ ನಕ್ಷೆಯಾಗಿ ಬರೆಯಬೇಕೆಂದು ಹೊರಟಿದ್ದನಂತೆ. ಅವರು ಬೇಡವೆಂದರು. ‘ನೀನು ಆಟ ಅಂತ ಬರೀತೀಯ ಮಗಾ. ನಾಳೆ ಯಾರಾದ್ರೂ ಕಂಪ್ಯೂಟರ್ ತೆಗೆದು ನೋಡಿದ್ರೆ, ನಿನ್ನ ಹೆಸರು ನೋಡಿ, ಇದು ಆಟ ಅಂತ ನಂಬ್ತಾರಾ?’ ಹುಡುಗ ಉತ್ತರಿಸಲಿಲ್ಲ, ಕಡತವನ್ನು ಅಳಿಸಿದ. ಕರ್ನಾಟಕದಲ್ಲಿ 2004ರಲ್ಲೇ ಸೈಬರ್ ಕೆಫೆಗಳಿಗೆ ನಿಯಮಗಳು ಬಂದಿದ್ದವು. 2011ರ ಏಪ್ರಿಲ್‌ನ ಕೇಂದ್ರ ನಿಯಮಗಳು ಗುರುತಿನ ಚೀಟಿಯನ್ನು ಕಡ್ಡಾಯ ಮಾಡಿದವು. ಕೆಫೆಯೊಳಗಿನ ಅಡ್ಡಗೋಡೆ ನಾಲ್ಕೂವರೆ ಅಡಿಗಿಂತ ಎತ್ತರ ಇರಬಾರದು ಎಂದೂ ಹೇಳಿದವು. ನಿಯಮ ಎಲ್ಲರಿಗೂ ಒಂದೇ ಆಗಿತ್ತು, ಅಡ್ಡಗೋಡೆಯ ಮೇಲಿಂದ ಇಣುಕುವ ನೋಟ ಮಾತ್ರ ಎಲ್ಲರ ಮೇಲೆ ಒಂದೇ ಸಮನೆ ಬೀಳುವುದಿಲ್ಲ ಎಂಬುದು ಆ ತಂದೆಗೆ ಗೊತ್ತಿತ್ತು. ಯಾರನ್ನು ಆಟದಲ್ಲಿ ಶತ್ರುವಾಗಿ ಬರೆಯಲಾಗಿತ್ತೋ ಅವರಿಗೇ ತಿದ್ದುವ ಅಗತ್ಯ ಹೆಚ್ಚು ಇತ್ತು. ತಿದ್ದುವ ಧೈರ್ಯವನ್ನು ಕಳೆದುಕೊಂಡವರೂ ಅವರೇ.

ವಾಲಿಯ ಪ್ರಶ್ನೆ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಸೀಮೆಗೆ ತಿದ್ದಿ ಹೇಳುವ ವಿದ್ಯೆ ಹೊಸದೇನಲ್ಲ. ಮಳೆಗಾಲದಲ್ಲಿ ಮನೆಯ ಜಗಲಿಯಲ್ಲೋ ದೇವಸ್ಥಾನದ ಚಾವಡಿಯಲ್ಲೋ ತಾಳಮದ್ದಳೆ ಕೂರುತ್ತದೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಹಾಡುವ ಪದ್ಯ ಹಿಂದಿನವರು ಬರೆದದ್ದು; ಅರ್ಥಧಾರಿ ಹೇಳುವ ಅರ್ಥ ಆ ಕ್ಷಣದಲ್ಲಿ ಹುಟ್ಟುವುದು. ಕಥೆಯ ಕೊನೆ ಎಲ್ಲರಿಗೂ ಗೊತ್ತು. ವಾಲಿ ಸಾಯಲೇಬೇಕು. ಮರದ ಮರೆಯಿಂದ ಬಂದ ಬಾಣಕ್ಕೆ ಬಿದ್ದ ವಾಲಿ ಸಾಯುವ ಮೊದಲು ರಾಮನನ್ನು ಪ್ರಶ್ನೆ ಕೇಳುತ್ತಾನೆ: ನಾನು ನಿನಗೇನು ಮಾಡಿದ್ದೆ? ಮರೆಯಲ್ಲಿ ನಿಂತು ಏಕೆ ಹೊಡೆದೆ? ಶೇಣಿ ಗೋಪಾಲಕೃಷ್ಣ ಭಟ್ಟರ (1918-2006) ವಾಲಿಯ ಅರ್ಥ ಕೇಳಲು ಜನ ದೂರದೂರದಿಂದ ಬರುತ್ತಿದ್ದರು. ರಾಮನ ಭಕ್ತರೇ ತುಂಬಿದ ಸಭೆ ಬಿದ್ದವನ ವಾದವನ್ನು ಗಂಟೆಗಟ್ಟಲೆ ಕೇಳುತ್ತಿತ್ತು, ತಲೆದೂಗುತ್ತಿತ್ತು, ಆಮೇಲೆ ರಾಮನ ಉತ್ತರಕ್ಕೂ ಕಿವಿಗೊಡುತ್ತಿತ್ತು.

ಹೊಸ ಪಾತ್ರಗಳಿಗೂ ಈ ಪರಂಪರೆಯಲ್ಲಿ ಜಾಗ ಸಿಕ್ಕಿದೆ. ಮೂಲ್ಕಿಯ ಬಪ್ಪನಾಡು ದೇವಸ್ಥಾನದ ಐತಿಹ್ಯದಲ್ಲಿ ಗುಡಿ ಕಟ್ಟಿಸಿದವನು ಬಪ್ಪ ಬ್ಯಾರಿ ಎಂಬ ಮುಸ್ಲಿಂ ವ್ಯಾಪಾರಿ. ಅದೇ ಕಥೆ ಯಕ್ಷಗಾನ ಪ್ರಸಂಗವಾದಾಗ ಬಪ್ಪ ಬ್ಯಾರಿ ರಂಗಕ್ಕೆ ಬಂದ, ತನ್ನ ಮಾತಿನ ಧಾಟಿಯನ್ನೂ ಜೊತೆಗೆ ತಂದ. ಇದೇ ಪರಂಪರೆಯಲ್ಲಿ ಮುಸ್ಲಿಮರನ್ನು ಕೆಟ್ಟದಾಗಿ ಬರೆದ ಪ್ರಸಂಗಗಳೂ ಇಲ್ಲದಿಲ್ಲ. ಆದರೆ ಕೋವಿಯ ಆಟದಲ್ಲಿ ಇಲ್ಲದ ಒಂದು ಕಟ್ಟಳೆ ಇಲ್ಲಿದೆ: ಎದುರಾಳಿಗೂ ಅರ್ಥ ಹೇಳುವ ಹಕ್ಕು. ವಫಾ ಬಿಲಾಲ್ ತಮ್ಮ ತಿದ್ದುಪಡಿಯಲ್ಲಿ ಮಾಡಲು ನೋಡಿದ್ದು, ವೂಮೆರಾದವರು ಕಟ್ಟಲು ಹೊರಟಿದ್ದು ಇದನ್ನೇ. ಬುಷ್ ಬೇಟೆಯ ಆಟಕ್ಕೆ ದಕ್ಕದೆ ಹೋದದ್ದೂ ಇದೇ.

ಬಾಗಿಲು ಮುಚ್ಚಿದ ಫೋನು

ನಾರ್ವೆಯ ದಿಬ್ಬಕ್ಕೆ ಮರಳೋಣ. ಅಲ್ಲಿನ ಹುಡುಗರ ಆಟದ ವಂಶಾವಳಿ ಹೀಗಿದೆ. 2009ರಲ್ಲಿ ಚೆಕ್ ದೇಶದ ಕಂಪೆನಿಯೊಂದು ‘ಆರ್ಮಾ 2’ ಎಂಬ ಯುದ್ಧದ ಆಟ ತಂದಿತು. 2012ರಲ್ಲಿ ನ್ಯೂಜಿಲೆಂಡಿನ ಡೀನ್ ಹಾಲ್ ಅದನ್ನು ತಿದ್ದಿ ‘ಡೇ ಝಡ್’ ಮಾಡಿದ. ಆ ಮಾಡ್ ಅನ್ನು 2013ರಲ್ಲಿ ಐರ್ಲೆಂಡಿನ ಬ್ರೆಂಡನ್ ಗ್ರೀನ್ ಮತ್ತೆ ತಿದ್ದಿ, ಕೊನೆಗೆ ಉಳಿದವನೇ ಗೆದ್ದವನು ಎಂಬ ನಿಯಮ ಸೇರಿಸಿದ. ಅವನನ್ನು ಕೊರಿಯಾದ ಕಂಪೆನಿ ಕರೆಸಿಕೊಂಡು 2017ರಲ್ಲಿ ಪಬ್ಜಿ ಮಾಡಿಸಿತು. 2018ರಲ್ಲಿ ಅದು ಫೋನಿಗೆ ಇಳಿಯಿತು. 2020ರ ಸೆಪ್ಟೆಂಬರ್ 2ರಂದು ಚೀನಾ ಗಡಿಯ ಬಿಕ್ಕಟ್ಟಿನ ನಡುವೆ ಭಾರತ ಸರ್ಕಾರ ನಿಷೇಧಿಸಿದ 118 ಆ್ಯಪ್‌ಗಳಲ್ಲಿ ಅದೂ ಒಂದು. 2021ರ ಜುಲೈನಲ್ಲಿ ಬಿಜಿಎಂಐ ಎಂಬ ಹೆಸರಿನಲ್ಲಿ ಬಂತು, 2022ರ ಜುಲೈನಲ್ಲಿ ಮತ್ತೆ ಹೋಯಿತು, 2023ರ ಮೇನಲ್ಲಿ ಮತ್ತೆ ಬಂತು. ಭಾರತದ ಆವೃತ್ತಿಯಲ್ಲಿ ರಕ್ತ ಕೆಂಪಾಗಿಲ್ಲ, ಹಸಿರು!

ತಿದ್ದುಪಡಿ ಇಲ್ಲಿಯೂ ನಡೆದಿದೆ. ಆದರೆ ತಿದ್ದಿದ್ದು ಆಡುವವರಲ್ಲ. ಸರ್ಕಾರವನ್ನು ಒಲಿಸಿಕೊಳ್ಳಬೇಕಾದ ಕಂಪೆನಿ. ಅಭಿಮಾನಿಯ ಕೈಯಿಂದ ಹುಟ್ಟಿದ ಆಟ ಅಭಿಮಾನಿಗೆ ಬಾಗಿಲು ಹಾಕಿಕೊಂಡಿದೆ. ‘ಮಾಡ್ ಅಂದ್ರೆ ಗೊತ್ತಾ?’ ಎಂದು ಕೇಳಿದಾಗ ಹುಡುಗರು ನಕ್ಕರು. ‘ಗೊತ್ತು ಸಾರ್, ಮಾಡ್ ಎಪಿಕೆ. ಹಾಕ್ಕೊಂಡ್ರೆ ಗೋಡೆ ಆಚೆ ಇರೋನೂ ಕಾಣ್ತಾನೆ. ಸಿಕ್ಕಿಬಿದ್ರೆ ಐಡಿ ಬ್ಯಾನ್.’ ಮಾಡುವುದಕ್ಕೆ ಇದ್ದ ಹೆಸರು ಮೋಸಕ್ಕೆ ಹೆಸರಾಗಿದೆ. ಚರಿತ್ರೆ ಮರೆತುಹೋಗುವುದೆಂದರೆ ಹೀಗೆ.

ಹಳೆಯ ಬಾಗಿಲು ಇನ್ನೂ ತೆರೆದೇ ಇದೆ ಎಂಬುದನ್ನು ಅವರಿಗೆ ಹೇಳಿದೆವು. ಡೂಮ್‌ನ ಯಂತ್ರಭಾಗ ಇಂದು ಯಾರಿಗೂ ಉಚಿತ. ಚಿತ್ರ, ಸದ್ದು, ನಕ್ಷೆಗಳನ್ನೂ ಅಭಿಮಾನಿಗಳೇ ಹೊಸದಾಗಿ ಮಾಡಿ ‘ಫ್ರೀಡೂಮ್’ ಎಂದು ಹಂಚಿದ್ದಾರೆ. ಶಾಲೆಯ ಮೂಲೆಯಲ್ಲಿ ಧೂಳು ತಿನ್ನುವ ಹಳೆಯ ಕಂಪ್ಯೂಟರೂ ಅದಕ್ಕೆ ಸಾಕು, ಸಿಗ್ನಲ್ ಬೇಡ. 2023ರ ಮಾರ್ಚಿನಲ್ಲಿ ಒಬ್ಬ ಅಭಿಮಾನಿ ಅದೇ ಹಳೆಯ ಡೂಮ್‌ನಲ್ಲಿ ‘ಮೈ ಹೌಸ್’ ಎಂಬ ನಕ್ಷೆ ಬರೆದ. ತೀರಿಕೊಂಡ ಗೆಳೆಯನ ನೆನಪಿನ ಕಥೆಯೊಳಗೆ, ಒಂದು ಮನೆಯ ಕೋಣೆಗಳು ಅಡ್ಡಾಡುತ್ತ ಹೋದಂತೆ ಬದಲಾಗುವ ನಕ್ಷೆ ಅದು. ಕೋವಿಯ ಆಟದೊಳಗೆ ಒಂದು ಮನೆಯನ್ನೂ ಒಂದು ದುಃಖವನ್ನೂ ಇಡಬಹುದೆಂದು ಮೂವತ್ತು ವರ್ಷಗಳ ಮೇಲೆ ಯಾರೋ ತೋರಿಸಿದ.

‘ನೀವೇ ಒಂದು ನಕ್ಷೆ ಬರೆಯೋದಾದ್ರೆ ಏನು ಬರೀತೀರಿ?’ ಎಂದು ಕೇಳಿದೆವು. ಎಲ್ಲರೂ ಒಟ್ಟಿಗೆ ಮಾತಾಡಿದರು. ತೋಟ, ಅಡಿಕೆ ಚಪ್ಪರ, ಹಳ್ಳದ ಮೇಲಿನ ಕಾಲುಸಂಕ, ಶಾಲೆ, ಮಸೀದಿ ಪಕ್ಕದ ಅಂಗಡಿ, ದೇವಸ್ಥಾನದ ಮೆಟ್ಟಿಲು. ಊರೆಲ್ಲ ಬಂತು. ‘ಎನಿಮಿ ಯಾರು?’ ಎಂದು ಕೇಳಿದಾಗ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ‘ಯಾರೋ ಗೊತ್ತಿಲ್ಲ’ ಎಂದಿದ್ದ ಹುಡುಗನೇ ಕೊನೆಗೆ ಹೇಳಿದ: ‘ಮಂಗ ಸಾರ್. ತೋಟ ಪೂರಾ ಹಾಳು ಮಾಡ್ತವೆ.’

‘ಹೊಡೀತೀಯಾ?’

‘ಹೊಡೆಯೋದು ಬೇಡ ಸಾರ್. ಓಡ್ಸಿದ್ರೆ ಸಾಕು.’

ಮಳೆ ಮತ್ತೆ ಹಿಡಿಯಿತು. ಸಿಗ್ನಲ್ ಹೋಯಿತು. ಹುಡುಗರು ಫೋನುಗಳನ್ನು ಜೇಬಿಗಿಳಿಸಿ, ಎರಡು ಕೊಡೆಯಲ್ಲಿ ಐದು ಜನ ನುಸುಳಿಕೊಂಡು ಮನೆಯ ಕಡೆ ಓಡಿದರು.